ಭಟ್ಟಿಯಿಲ್ಲದ ಬಿಸ್ಕೀಟು: ಕೊಬ್ಬರಿ ಬಿಲ್ಲೆಗಳ ತಯಾರಿಕೆ

ಬಿಸ್ಕೀಟು ಇಂದು ನಮ್ಮ ಹಳ್ಳಿಗಳಲ್ಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. ಮಿರಜ ತಾಲೂಕಿನ ನಮ್ಮ ಖಂಡೇರಾಜುರಿಯಲ್ಲಿಯೂ ಕಿರಾಣಿ ಅಂಗಡಿಯ ಬಾಗಿಲಿಗೆ ಅದರ ಪೊಟ್ಟಣಗಳು ಮಾಲೆಮಾಲೆಯಾಗಿ ತೂಗುತ್ತಿರುವವು. ಮಧ್ಯಾಹ್ನದ ಬಿಡುವಿನ ತರುವಾಯ ಶಾಲೆಯ ಅಂಗಳವನ್ನು ಗುಡಿಸಿದರೆ ಗಿಡದ ಎಲೆಗಳಿಗಿಂತ ಆ ಪೊಟ್ಟಣಗಳ ಹೊದಿಕೆಗಳೇ ಹೆಚ್ಚಾಗಿ ದೊರೆಯುವವು. ಬಿಸ್ಕೀಟನ್ನು ನಿಂದಿಸುವದು ಈ ಲೇಖನದ ಉದ್ದೇಶವಲ್ಲ. ಪ್ರವಾಸದಲ್ಲಿ, ಬೇನೆಯಲ್ಲಿ, ಅಡಿಗೆಗೆ ಅವಕಾಶವಿಲ್ಲದ ಹೊತ್ತಿನಲ್ಲಿ ಅದು ಉಪಕಾರಿಯೇ ಸರಿ. ಆದರೆ ತಿನ್ನುವ ವಸ್ತುವು ಹೇಗೆ ಆಯಿತೆಂಬುದನ್ನು ಅರಿಯದೆ, ಕೇವಲ ಹಣ ಕೊಟ್ಟು ತರುವ ರೂಢಿಯು ಬಲಿಯುತ್ತ ಹೋದರೆ ಮನೆಯ ಕೈಗಳು ತಮ್ಮ ವಿದ್ಯೆಯನ್ನು ಮರೆಯುವವು.

ವಿಜ್ಞಾನದ ತಾಸಿನಲ್ಲಿ ಶಾಖದ ಪಾಠ ನಡೆದಾಗ ಮಕ್ಕಳು ನಮ್ಮನ್ನು ಕೇಳುವದುಂಟು: “ಬಿಸ್ಕೀಟನ್ನು ಮನೆಯಲ್ಲಿ ಮಾಡಲಿಕ್ಕೆ ಬರುವದಿಲ್ಲವೇನ್ರಿ ಸರ್?” ನಾವು ಬಾಯಿ ತೆರೆಯುವ ಮೊದಲೇ ಮತ್ತೊಬ್ಬರು ಉತ್ತರಿಸುವರು: “ನಮ್ಮ ಮನೆಯಲ್ಲಿ ಭಟ್ಟಿ ಎಲ್ಲಿದೆ?” ಭಟ್ಟಿಯಿಲ್ಲದೆಯೂ ಒಣ ಕೊಬ್ಬರಿಯಿಂದ ಬಿಸ್ಕೀಟಿನಂತೆ ಕೈಯಲ್ಲಿ ಹಿಡಿದು ಕಚ್ಚಿ ತಿನ್ನಬಹುದಾದ ಬಿಲ್ಲೆಗಳನ್ನು ಮಾಡಲು ಬರುವದು. ಅದು ಹೇಗೆ, ಅದಕ್ಕಿಂತ ಮುಖ್ಯವಾಗಿ ಏಕೆ, ಮತ್ತು ಯಾವ ಎಚ್ಚರವಿಲ್ಲದಿದ್ದರೆ ಅದು ಅಪಾಯಕರವಾಗುವದು ಎಂಬುದನ್ನು ವಿದ್ಯಾರ್ಥಿಗಳಿಗೂ ಅವರ ಪಾಲಕರಿಗೂ ಇಲ್ಲಿ ತಿಳಿಸಬಯಸುತ್ತೇವೆ.

ಮೊದಲು ಭಟ್ಟಿಯ ಕೆಲಸವೇನೆಂಬುದನ್ನು ನೋಡೋಣ. ಬಿಸ್ಕೀಟು ಎಂಬ ಶಬ್ದದ ಮೂಲವು ಲ್ಯಾಟಿನ್ ಭಾಷೆಯಲ್ಲಿದೆ. ಎರಡು ಸಲ ಬೇಯಿಸಿದ್ದು ಎಂದು ಅದರ ಅರ್ಥ. ಹಿಂದಿನ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದಲ್ಲಿರುತ್ತಿದ್ದ ನಾವಿಕರಿಗೆ ಕೆಡದಂಥ ರೊಟ್ಟಿ ಬೇಕಾಗುತ್ತಿತ್ತು. ಹಿಟ್ಟಿನ ಬಿಲ್ಲೆಗಳನ್ನು ಬೇಯಿಸಿ, ಪುನಃ ಮಂದ ಶಾಖದಲ್ಲಿ ಒಣಗಿಸಿ, ಕಲ್ಲಿನಂತೆ ಗಟ್ಟಿ ಮಾಡಿ ಕೊಡುತ್ತಿದ್ದರು. ಅಂದ ಮೇಲೆ ಭಟ್ಟಿಯು ಎರಡು ಕೆಲಸಗಳನ್ನು ಮಾಡುವದು. ಹಸಿಯ ಹಿಟ್ಟನ್ನು ಪಕ್ವಗೊಳಿಸುವದು ಒಂದು. ಅದರೊಳಗಿನ ನೀರನ್ನು ಹೊರಗಟ್ಟುವದು ಇನ್ನೊಂದು. ನೀರು ಹೋದ ವಸ್ತು ಗರಿಗರಿಯಾಗುವದು ಮಾತ್ರವಲ್ಲ, ಬೇಗ ಕೆಡುವದೂ ಇಲ್ಲ. ಬೂಷ್ಟಿಗೂ ಸೂಕ್ಷ್ಮ ಜೀವಿಗಳಿಗೂ ನೀರಿಲ್ಲದೆ ಬಾಳುವೆಯಿಲ್ಲ.

ಹಾಗಾದರೆ, ಈ ಎರಡೂ ಕೆಲಸಗಳು ಮೊದಲೇ ಮುಗಿದಿರುವ ಪದಾರ್ಥಗಳನ್ನು ಆರಿಸಿಕೊಂಡರೆ? ಆಗ ಭಟ್ಟಿಯ ಅವಶ್ಯಕತೆಯೇ ಬೀಳುವದಿಲ್ಲ. ಈ ತಿನಿಸಿನ ಗುಟ್ಟೆಲ್ಲ ಇಷ್ಟೇ. ಅವಲಕ್ಕಿಯನ್ನು ತೆಗೆದುಕೊಳ್ಳಿರಿ. ಬತ್ತವನ್ನು ನೆನೆಯಿಸಿ, ಹುರಿದು, ಬಿಸಿಯಿರುವಾಗಲೇ ಬಡಿದು ಚಪ್ಪಟೆ ಮಾಡಿರುವರು. ಅದು ಬೆಂದ ಧಾನ್ಯವೇ. ಪುಠಾಣಿಯು ಕಾಯ್ದ ಮರಳಿನಲ್ಲಿ ಹುರಿದ ಕಡಲೆ. ಬೆಲ್ಲವಂತೂ ಗಾಣದ ಮನೆಯ ದೊಡ್ಡ ಕಡಾಯಿಯಲ್ಲಿ ತಾಸುಗಟ್ಟಲೆ ಕುದಿದ ಕಬ್ಬಿನ ಹಾಲು. ಕೊಬ್ಬರಿಯು ಬಿಸಿಲಿನಲ್ಲಿಯೋ ಅಟ್ಟದ ಮೇಲೆಯೋ ಒಣಗಿದ ತೆಂಗು. ಇವೆಲ್ಲವೂ ನಮ್ಮ ಮನೆಗೆ ಬರುವ ಮೊದಲೇ ಬೇರೆಲ್ಲಿಯೋ ಬೆಂಕಿಯನ್ನು, ಬಿಸಿಲನ್ನು ಉಂಡು ಬಂದಿವೆ. ಭಟ್ಟಿಯಿಲ್ಲದ ಬಿಸ್ಕೀಟು ಎಂದರೆ ಬೆಂಕಿಯೇ ಇಲ್ಲದ ತಿನಿಸೆಂದು ತಿಳಿಯಬಾರದು. ಬೆಂಕಿಯ ಕೆಲಸವನ್ನು ಇತರರು ನಮಗಾಗಿ ಮುಗಿಸಿ ಕಳುಹಿಸಿದ ತಿನಿಸು ಅದು. ನಮಗೆ ಉಳಿಯುವ ಕೆಲಸವು ಬಿಡಿಬಿಡಿಯಾದ ಈ ಒಣ ಪದಾರ್ಥಗಳನ್ನು ಒಂದಕ್ಕೊಂದು ಹಿಡಿದು ನಿಲ್ಲುವಂತೆ ಕಟ್ಟುವದು. ಆ ಕಟ್ಟು ಬೆಲ್ಲದ ಪಾಕದಿಂದ ಬರುವದು.

ನಮ್ಮದು ತೆಂಗಿನ ಸೀಮೆಯಲ್ಲ. ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಈ ಬಯಲಿನಲ್ಲಿ ಜೋಳ, ಶೇಂಗಾ, ಕಬ್ಬು, ದ್ರಾಕ್ಷಿಗಳು ಬೆಳೆಯುವವೇ ಹೊರತು ತೆಂಗಿನ ತೋಟಗಳು ಕಾಣವು. ತೆಂಗು ನಮಗೆ ಹೊರಗಿನಿಂದ ಬರಬೇಕು, ಮತ್ತು ದೂರದಿಂದ ಬರುವ ತೆಂಗು ಒಣಗಿ ಬರುವದೇ ಲೇಸು. ಹಸಿಯ ತೆಂಗಿನ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವದು. ಒಣಗಿದ ಕೊಬ್ಬರಿಯಲ್ಲಿ ೧೦೦ ಭಾಗಕ್ಕೆ ೬-೭ ಭಾಗ ನೀರು ಉಳಿದು, ೬೦ಕ್ಕಿಂತ ಹೆಚ್ಚು ಭಾಗ ಎಣ್ಣೆಯಿರುವದು. ಕರ್ನಾಟಕದ ತುಮಕೂರು ಜಿಲ್ಲೆಯ ತಿಪಟೂರು ಉಂಡೆ ಕೊಬ್ಬರಿಗೆ ಹೆಸರಾದ ಪೇಟೆ. ಅಲ್ಲಿಯ ಒಕ್ಕಲಿಗರು ಬಲಿತ ಕಾಯಿಗಳನ್ನು ಒಡೆಯದೆ, ಸಿಪ್ಪೆಸಹಿತವಾಗಿ ಅಟ್ಟದ ಮೇಲೆ ೮ ರಿಂದ ೧೨ ತಿಂಗಳು ಇಡುವರು. ಒಳಗಿನ ನೀರು ಮೆಲ್ಲನೆ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಸಡಿಲಾಗುವದು; ಕಾಯನ್ನು ಅಲುಗಿಸಿದರೆ ಒಳಗೆ ಗಡಗಡ ಸಪ್ಪಳವಾಗುವದು. ಆಗ ಸುಲಿದು ಒಡೆದರೆ ಇಡಿಯ ಉಂಡೆಯೇ ಹೊರಬರುವದು. ಒಂದು ವರುಷದ ತಾಳ್ಮೆ ಆ ಉಂಡೆಯಲ್ಲಿದೆ. ವಿದ್ಯಾರ್ಥಿಗಳು ನಕಾಶೆಯನ್ನು ತೆರೆದು ಬೆಂಗಳೂರಿನಿಂದ ಮಿರಜಿಗೆ ಬರುವ ರೈಲು ದಾರಿಯ ಮೇಲೆ ಬೆರಳಿಟ್ಟು ನಡೆಯಲಿ: ತುಮಕೂರು, ತಿಪಟೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಗೋಕಾಕ ರೋಡ, ಘಟಪ್ರಭಾ, ಮಿರಜ. ಕೊಬ್ಬರಿಯ ಊರೂ ನಮ್ಮ ಜಂಕ್ಷನ್ನೂ ಒಂದೇ ಹಳಿಯ ಎರಡು ತುದಿಗಳ ಹತ್ತಿರ ಇವೆ.

ಆ ದಾರಿಯಲ್ಲಿ ಗೋಕಾಕದ ಹೆಸರು ಬಂದುದರಿಂದ ಇನ್ನೊಂದು ಮಾತು. ಭಟ್ಟಿಯಿಲ್ಲದೆ ಕೊಬ್ಬರಿಯ ತಿನಿಸನ್ನು ಕಟ್ಟಿ, ಹೋಳು ಮಾಡಿ, ದಿನಗಟ್ಟಲೆ ಇಟ್ಟು ತಿನ್ನುವ ಕಲೆಯು ನಮಗೆ ಹೊಸದಲ್ಲ. ಗೋಕಾಕದ ಕರದಂಟು, ಬಾಗಲಕೋಟೆ ಜಿಲ್ಲೆಯ ಅಮೀನಗಡದ ಕರದಂಟು ನಾಡಿನಲ್ಲೆಲ್ಲ ಪ್ರಸಿದ್ಧವಾಗಿವೆ. ಕರಿದ ಅಂಟು ಎಂಬುದೇ ಕರದಂಟು ಆಗಿದೆ. ಗಿಡದ ಅಂಟನ್ನು ತುಪ್ಪದಲ್ಲಿ ಕರಿದು ಅರಳಿಸಿ, ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳೊಡನೆ ಬೆಲ್ಲದ ಪಾಕದಲ್ಲಿ ಕೂಡಿಸಿ, ತಾಟಿನಲ್ಲಿ ಹರವಿ ಕತ್ತರಿಸುವರು. ಇದನ್ನೇ ಉಂಡೆ ಕಟ್ಟಿದರೆ ಬಾಣಂತಿಯರಿಗೆ ಕೊಡುವ ಅಂಟಿನ ಉಂಡಿಯಾಗುವದು. ನೆರೆಮನೆಯ ಮರಾಠಿ ತಾಯಂದಿರು ಅದನ್ನು ಡಿಂಕಾಚೆ ಲಾಡು ಎನ್ನುವರು. ನಾಗರ ಪಂಚಮಿಗೆ ನಮ್ಮ ಮನೆಗಳಲ್ಲಿ ಡಬ್ಬಿ ತುಂಬುವ ಶೇಂಗಾದ ಉಂಡಿ, ಎಳ್ಳುಂಡಿ, ತಂಬಿಟ್ಟು ಇವೆಲ್ಲ ಇದೇ ಜಾತಿಯವು. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿಯೂ ಕೊಬ್ಬರಿಯ ಚೂರುಗಳಿರುವವು. ದೂರದ ಅಮೇರಿಕೆಯಲ್ಲಿ ಇಂಥ ತಿನಿಸಿಗೆ ಬೇಯಿಸದ ಕುಕಿ ಎಂದು ಹೆಸರು. ಕುಕಿ ಎಂಬುದು ಡಚ್ಚರ ಭಾಷೆಯಿಂದ ಬಂದ ಮಾತು. ಚಿಕ್ಕ ಕೇಕು ಎಂದು ಅದರ ಅರ್ಥ. ಅಲ್ಲಿಯವರು ಸಕ್ಕರೆ, ಹಾಲು, ಬೆಣ್ಣೆ, ಕೋಕೋ ಪುಡಿಗಳನ್ನು ಕುದಿಸಿ, ಓಟ್ಸಿನ ಅವಲಕ್ಕಿಯನ್ನೂ ಒಮ್ಮೊಮ್ಮೆ ಕೊಬ್ಬರಿಯನ್ನೂ ಬೆರಸಿ, ಜಿಡ್ಡುಗಾಗದದ ಮೇಲೆ ಚಮಚೆಯಿಂದ ಇಟ್ಟು ಆರಿಸುವರು. ಹೆಸರು ಹೊಸದು, ರೀತಿಯು ನಮ್ಮ ಅಜ್ಜಿಯರು ಬಲ್ಲದ್ದೇ.

ಇನ್ನು ತಯಾರಿಕೆಗೆ ಬರೋಣ. ಸುಮಾರು ೩೦ ಬಿಲ್ಲೆಗಳಿಗೆ ಒಣ ಕೊಬ್ಬರಿ ೨೦೦ ಗ್ರಾಂ, ತೆಳು ಅವಲಕ್ಕಿ ೧೦೦ ಗ್ರಾಂ, ಪುಠಾಣಿ ೫೦ ಗ್ರಾಂ, ಬೆಲ್ಲ ೨೫೦ ಗ್ರಾಂ, ಎಳ್ಳು ೨ ದೊಡ್ಡ ಚಮಚೆ, ತುಪ್ಪ ೨ ಚಮಚೆ, ಯಾಲಕ್ಕಿ ೪-೫, ಚಿಟಿಕೆ ಉಪ್ಪು ಸಾಕು. ಉಪ್ಪನ್ನು ಬಿಡಬಾರದು, ಅದರಿಂದ ಬೆಲ್ಲದ ಸಿಹಿಯು ಮೊಂಡಾಗದೆ ತಿಳಿಯಾಗಿ ತೋರುವದು. ನಮ್ಮ ಜಿಲ್ಲೆಯ ಒಣದ್ರಾಕ್ಷಿಯನ್ನು ಒಂದು ಹಿಡಿ ಹಾಕಬೇಕೆನ್ನುವವರು ಹಾಕಲಿ, ಆದರೆ ದ್ರಾಕ್ಷಿಯಲ್ಲಿ ತೇವವಿರುವದರಿಂದ ಅಂಥ ಬಿಲ್ಲೆಗಳನ್ನು ವಾರದೊಳಗೆ ತಿಂದು ಮುಗಿಸಬೇಕು. ಪುಠಾಣಿಯ ಬದಲು ಹುರಿದ ಶೇಂಗಾದ ಪುಡಿಯೂ ನಡೆಯುವದು. ಕೆಲವು ಮಕ್ಕಳಿಗೆ ಶೇಂಗಾ ಒಗ್ಗದೆ ಮೈಮೇಲೆ ದದ್ದು ಏಳುವದು, ಉಸಿರು ಕಟ್ಟುವದು ಉಂಟು. ಹತ್ತು ಮಕ್ಕಳು ಹಂಚಿಕೊಂಡು ತಿನ್ನುವ ತಿನಿಸಿಗೆ ಪುಠಾಣಿಯೇ ಮೇಲು.

ಕೊಬ್ಬರಿಯ ಬಟ್ಟಲುಗಳನ್ನು ನೀರಿನಲ್ಲಿ ತೊಳೆಯದೆ ಒಣ ಅರಿವೆಯಿಂದ ಚೆನ್ನಾಗಿ ಒರಸಿ, ಕಿಸಣಿಯ ಮೇಲೆ ತುರಿಯಬೇಕು. ತುರಿಯನ್ನು ಕಡಾಯಿಯಲ್ಲಿ ಸಣ್ಣ ಉರಿಯ ಮೇಲೆ ಎರಡು ಮೂರು ಮಿನಿಟು ಬೆಚ್ಚಗೆ ಮಾಡಿ ಇಳಿಸುವದು. ಬಣ್ಣ ತಿರುಗುವವರೆಗೆ ಹುರಿದರೆ ಎಣ್ಣೆ ಬಿಟ್ಟು ಜಿಗುಟಾಗುವದು. ಅವಲಕ್ಕಿಯನ್ನು ಮಾತ್ರ ಅವಸರವಿಲ್ಲದೆ ಹುರಿಯಬೇಕು. ಎರಡು ಬೆರಳುಗಳ ನಡುವೆ ಹಿಡಿದು ಒತ್ತಿದರೆ ಚೂರಾಗದೆ ಮಡಿಚಿಕೊಂಡರೆ ಇನ್ನೂ ತೇವವಿದೆಯೆಂದು ತಿಳಿಯಬೇಕು, ಪುಡಿಯಾಯಿತೆಂದರೆ ಸಿದ್ಧವಾಯಿತು. ಬಿಲ್ಲೆಯ ಗರಿಗರಿತನವೆಲ್ಲ ಅವಲಕ್ಕಿಯಿಂದ ಬರತಕ್ಕದ್ದು. ಅದನ್ನು ಕೈಯಿಂದ ಹಿಚುಕಿ ತರಿತರಿ ಮಾಡಿ, ಪುಠಾಣಿಯನ್ನು ಪುಡಿಮಾಡಿ, ಎಳ್ಳನ್ನು ಚಟಪಟನೆ ಸಿಡಿಯುವವರೆಗೆ ಹುರಿದು, ಯಾಲಕ್ಕಿ ಉಪ್ಪುಗಳೊಡನೆ ಎಲ್ಲವನ್ನೂ ಒಂದು ಪರಾತದಲ್ಲಿ ಕಲಸಿ ಒಲೆಯ ಮಗ್ಗುಲಲ್ಲಿ ಬೆಚ್ಚಗೆ ಇಡಬೇಕು. ತಣ್ಣನೆಯ ಹಿಟ್ಟಿಗೆ ಪಾಕ ಹಾಕಿದರೆ ಬೆರೆಯುವ ಮೊದಲೇ ಪಾಕ ಬಿಗಿದುಕೊಳ್ಳುವದು. ಇನ್ನೊಂದು ತಾಟಿಗೆ ತುಪ್ಪ ಸವರಿ, ಲಟ್ಟಣಿಗೆ, ಚಾಕು, ತಳ ಸಪಾಟಾದ ಒಂದು ವಾಟಿ ಇವನ್ನೆಲ್ಲ ಕೈಗೆಟಕುವಂತೆ ಮೊದಲೇ ಇಟ್ಟುಕೊಳ್ಳಬೇಕು. ಪಾಕ ಇಳಿದ ಮೇಲೆ ವಾಟಿಯನ್ನು ಹುಡುಕುತ್ತ ಹೋಗುವವರ ಬಿಲ್ಲೆಗಳು ಪರಾತದಲ್ಲಿಯೇ ಕಲ್ಲಾಗುವವು.

ಬೆಲ್ಲವನ್ನು ಆರಿಸುವಾಗ ಬಹಳ ಬೆಳ್ಳಗಿರುವದೇ ಒಳ್ಳೆಯದೆಂಬ ಭ್ರಮೆ ಬೇಡ. ಬಣ್ಣ ತಿಳಿಯಾಗಲೆಂದು ರಾಸಾಯನಿಕ ಪುಡಿ ಬೆರಸುವ ರೂಢಿಯುಂಟು. ತುಸು ಕಂದು ಬಣ್ಣದ, ಒಡೆದರೆ ಹರಳು ಹರಳಾಗಿ ಕಾಣುವ ಬೆಲ್ಲವನ್ನು ತರುವದು ಲೇಸು. ಕೊಲ್ಲಾಪುರದ ಬೆಲ್ಲ ನಮಗೆ ಹತ್ತಿರವೇ ದೊರೆಯುವದು, ಸಾಂಗಲಿಯೂ ಬೆಲ್ಲದ ಪೇಟೆಯೇ. ಕುಟ್ಟಿದ ಬೆಲ್ಲಕ್ಕೆ ೪ ದೊಡ್ಡ ಚಮಚೆ ನೀರು ಹಾಕಿ ಕರಗಿಸಿ, ಸೋಸಿ, ಕಸರು ಕಲ್ಲುಗಳನ್ನು ತೆಗೆದು, ದಪ್ಪ ತಳದ ಬೋಗುಣಿಯಲ್ಲಿ ತುಪ್ಪದೊಡನೆ ಮಧ್ಯಮ ಉರಿಯ ಮೇಲೆ ಕುದಿಯಲಿಡಬೇಕು. ಇಲ್ಲಿಂದ ಮುಂದೆ ಬೋಗುಣಿಯನ್ನು ಬಿಟ್ಟು ಕದಲಕೂಡದು.

ಪಾಕವೆಂದರೇನು? ನೀರು ಕುದಿದು ಹೋದಂತೆ ಸಕ್ಕರೆಯ ಅಂಶವು ದಟ್ಟವಾಗುವದು, ದಟ್ಟವಾದಂತೆ ಅದರ ಕುದಿಯುವ ಉಷ್ಣತಾಮಾನವು ಏರುವದು. ಬರಿಯ ನೀರು ಸಮುದ್ರದ ಮಟ್ಟದಲ್ಲಿ ೧೦೦ ಅಂಶ ಸೆಲ್ಸಿಯಸಿಗೆ ಕುದಿಯುವದು. ಎಳೆಪಾಕಕ್ಕೆ ೧೦೬ ಅಂಶ ದಾಟಬೇಕು. ಮೆತ್ತನೆಯ ಉಂಡೆಪಾಕವು ೧೧೨ ರಿಂದ ೧೧೬ರ ನಡುವೆ ಬರುವದು. ನಮ್ಮ ಬಿಲ್ಲೆಗೆ ಬೇಕಾದ ಗಟ್ಟಿ ಉಂಡೆಪಾಕವು ೧೧೮ ರಿಂದ ೧೨೦ರ ಸುಮಾರಿಗೆ. ಸಕ್ಕರೆಯ ಪಾಕದಲ್ಲಿ ಆ ಹಂತಕ್ಕೆ ೧೦೦ರಲ್ಲಿ ಸುಮಾರು ೮೭ ಭಾಗ ಸಕ್ಕರೆ, ಉಳಿದದ್ದು ನೀರು. ಇನ್ನೂ ಮುಂದೆ ೧೫೦ರ ಹತ್ತಿರ ಹೋದರೆ ನೀರು ಬಹುತೇಕ ತೀರಿ, ಪಾಕವು ತಣಿದಾಗ ಗಾಜಿನಂತೆ ಟಣ್ಣೆಂದು ಮುರಿಯುವದು. ಅದು ಚಿಕ್ಕಿಯ ಪಾಕ. ಉಷ್ಣಮಾಪಕವಿಲ್ಲವೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಸಮುದ್ರದ ಮಟ್ಟದಿಂದ ಅರ್ಧ ಕಿಲೋಮೀಟರಿನಷ್ಟು ಎತ್ತರದ ಈ ಬಯಲಿನಲ್ಲಿ ನೀರೇ ೧೦೦ ಅಂಶ ಮುಟ್ಟುವ ಮೊದಲು, ೯೮ರ ಆಚೀಚೆ ಕುದಿಯುವದರಿಂದ ಪುಸ್ತಕದ ಅಂಕಿಗಳು ಇಲ್ಲಿ ಒಂದೆರಡು ಅಂಶ ಕೆಳಗಿಳಿಯುವವು. ಬೆಲ್ಲವು ಶುದ್ಧ ಸಕ್ಕರೆಯೂ ಅಲ್ಲ. ತಾಯಂದಿರ ಪರೀಕ್ಷೆಯೇ ಇಲ್ಲಿ ಹೆಚ್ಚು ನಂಬತಕ್ಕದ್ದು. ಒಂದು ಬಟ್ಟಲಲ್ಲಿ ತಣ್ಣೀರಿಟ್ಟುಕೊಂಡು ಪಾಕದ ಹನಿಯನ್ನು ಬಿಡಬೇಕು. ಹನಿಯು ನೀರಿನಲ್ಲಿ ಕರಗಿ ಹರಡಿದರೆ ಇನ್ನೂ ಹೊತ್ತಿದೆ. ಬೆರಳಿನಿಂದ ಕೂಡಿಸಿದಾಗ ಮೆತ್ತಗೆ ಉಂಡೆಯಾಗಿ ಹೊರಗೆ ತೆಗೆದೊಡನೆ ಚಪ್ಪಟೆಯಾದರೆ ಒಂದು ನಿಮಿಷ ತಡೆಯಬೇಕು. ಉಂಡೆಯು ಗೋಲಿಯಂತೆ ತನ್ನ ಆಕಾರದಲ್ಲಿ ನಿಂತು, ಒತ್ತಿದರೆ ಮಾತ್ರ ತಗ್ಗು ಬಿದ್ದರೆ, ಆ ಕ್ಷಣವೇ ಬೋಗುಣಿಯನ್ನು ಇಳಿಸಬೇಕು. ಈ ಮೂರು ಸ್ಥಿತಿಗಳ ನಡುವಿನ ಅಂತರ ಮೂರು ನಾಲ್ಕು ಮಿನಿಟುಗಳದ್ದಷ್ಟೇ.

ಸಕ್ಕರೆಯನ್ನೇಕೆ ಬಳಸಬಾರದೆಂದು ಕೇಳಬಹುದು. ಬಳಸಬಹುದು. ಆದರೆ ಸಕ್ಕರೆಯ ಪಾಕವು ಆರುವಾಗ ಹರಳುಗಟ್ಟುವ ಸ್ವಭಾವದ್ದು. ಕೊಬ್ಬರಿ ವಡಿಯು ಬೆಳ್ಳಗೆ ಪುಡಿಪುಡಿಯಾಗಿ ಬಾಯಿಯಲ್ಲಿ ಕರಗುವದು ಅದರಿಂದಲೇ. ಬೆಲ್ಲದಲ್ಲಿ ಸಾಮಾನ್ಯ ಸಕ್ಕರೆಯ ಜೊತೆಗೆ ಗ್ಲುಕೋಜ, ಫ್ರಕ್ಟೋಜಗಳೆಂಬ ಬೇರೆ ಸಕ್ಕರೆಗಳೂ ಇರುವದರಿಂದ ಹರಳುಗಳು ಸಾಲುಗೂಡಲು ಅಡ್ಡಿಯಾಗಿ, ಪಾಕವು ಅಂಟಂಟಾಗಿ ಉಳಿದು ಒಣ ಪದಾರ್ಥವನ್ನು ಹಿಡಿದುಕೊಳ್ಳುವದು. ಇದು ಕಟ್ಟುವ ಗುಣದ ಮಾತಾಯಿತು. ಬೆಲ್ಲವು ಆರೋಗ್ಯದ ಕಣಜವೆಂದು ಹೇಳಿ ಎರಡು ಬಿಲ್ಲೆಗಳ ಬದಲು ಆರು ತಿನ್ನಿಸುವ ಅಜ್ಜಂದಿರಿಗೆ ಒಂದು ವಿನಂತಿಯುಂಟು: ಬೆಲ್ಲದ ಬಹುಭಾಗವು ಸಕ್ಕರೆಯೇ. ಅದರಲ್ಲಿ ತುಸು ಕಬ್ಬಿಣಾಂಶ, ಖನಿಜಾಂಶ ಇದ್ದರೂ ಹಲ್ಲುಗಳಿಗೆ ಆ ಭೇದ ತಿಳಿಯುವದಿಲ್ಲ. ಮಧುಮೇಹವುಳ್ಳ ಹಿರಿಯರೂ ಬೆಲ್ಲವೆಂದು ಮೋಸಹೋಗಬಾರದು.

ಇಳಿಸಿದ ಪಾಕವನ್ನು ಬೆಚ್ಚಗಿನ ಹಿಟ್ಟಿನ ಮೇಲೆ ಸುತ್ತಲೂ ಸುರಿದು, ಉದ್ದ ಹಿಡಿಕೆಯ ಸೌಟಿನಿಂದ ಕಲಸಿ, ತುಪ್ಪ ಸವರಿದ ತಾಟಿಗೆ ಹಾಕಿ, ವಾಟಿಯ ತಳದಿಂದ ಒತ್ತುತ್ತ ಅರ್ಧ ಬೆರಳಿನ ದಪ್ಪಕ್ಕೆ ತರಬೇಕು. ಲಟ್ಟಣಿಗೆಯನ್ನು ಒಮ್ಮೆ ಹಗುರಾಗಿ ಆಡಿಸಿದರೆ ಮೇಲ್ಭಾಗ ಸಪಾಟಾಗುವದು. ಬೆಚ್ಚಗಿರುವಾಗಲೇ ಚಾಕುವಿನಿಂದ ಗೆರೆ ಕೊರೆಯಬೇಕು. ಬಿಸ್ಕೀಟಿನಂತೆ ದುಂಡಗಿರಬೇಕೆಂಬ ಮಕ್ಕಳ ಹಟವಿದ್ದರೆ ಸಣ್ಣ ವಾಟಿಯ ಅಂಚಿನಿಂದ ಒತ್ತಿ ತೆಗೆಯಬಹುದು. ಒಂದು ತಾಸು ಮುಟ್ಟದೆ ಬಿಟ್ಟರೆ ಬಿಲ್ಲೆಗಳು ತಾವಾಗಿ ಬಿಡಿಸಿಕೊಳ್ಳುವವು. ಬಿರಿದು ಉದುರಿದರೆ ಪಾಕ ಸಾಲಲಿಲ್ಲವೆಂದೋ ಕಲಸುವಲ್ಲಿ ತಡವಾಯಿತೆಂದೋ ತಿಳಿಯಬೇಕು. ಅದಕ್ಕೆ ಹಾಲು ಚಿಮುಕಿಸಿ ಕಟ್ಟುವವರುಂಟು. ಹಾಗೆ ಮಾಡಿದರೆ ನಾವು ಇಷ್ಟು ಹೊತ್ತು ಹೊರಗಟ್ಟಿದ ನೀರನ್ನು ಪುನಃ ಕರೆದು ತಂದಂತಾಗುವದು. ತಾಟನ್ನೇ ಸಣ್ಣ ಉರಿಯ ಮೇಲೆ ತುಸು ಬೆಚ್ಚಗೆ ಮಾಡಿ ಮತ್ತೆ ಒತ್ತುವದು ಸರಿಯಾದ ಉಪಾಯ. ಎಳೆಯ ಪಾಕದಿಂದ ಬಿಲ್ಲೆಗಳು ಬಿಗಿಯದೆ ಉಳಿದರೆ ಉಂಡಿ ಕಟ್ಟಿ ಎರಡು ದಿನಗಳಲ್ಲಿ ತೀರಿಸಬೇಕು. ಅವುಗಳಿಗೇನೂ ರುಚಿ ಕಡಿಮೆಯಿಲ್ಲ.

ಈ ಕೆಲಸದಲ್ಲಿ ಮಕ್ಕಳ ಪಾಲು ಎಷ್ಟು? ತುರಿಯುವದು, ಪುಡಿ ಮಾಡುವದು, ಒತ್ತುವದು, ಕತ್ತರಿಸುವದು, ತೂಕ ನೋಡಿ ಲೆಕ್ಕ ಬರೆಯುವದು ಇವೆಲ್ಲ ಅವರಿಗೆ ಬರುವವು. ಪಾಕದ ಬೋಗುಣಿ ಮಾತ್ರ ಹಿರಿಯರ ಕೈಯಲ್ಲಿರಬೇಕು. ಕುದಿನೀರು ಮೈಮೇಲೆ ಬಿದ್ದರೆ ಹರಿದು ಹೋಗುವದು. ಪಾಕವು ಅದಕ್ಕಿಂತ ಬಿಸಿಯಾದದ್ದು, ಮೇಲಾಗಿ ಚರ್ಮಕ್ಕೆ ಅಂಟಿ ಕೂಡ್ರುವದು. ಒಂದು ವೇಳೆ ಸಿಡಿದರೆ ಕೂಡಲೇ ಆ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ ೨೦ ಮಿನಿಟು ಹಿಡಿಯಬೇಕು. ಅರಿಷಿಣ, ಶಾಯಿ, ಹಲ್ಲುಜ್ಜುವ ಪೇಸ್ಟು ಯಾವದನ್ನೂ ಹಚ್ಚಬಾರದು, ಬೊಬ್ಬೆಯನ್ನು ಒಡೆಯಬಾರದು, ಗಾಯ ದೊಡ್ಡದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಗಂಡುಮಕ್ಕಳಿಗೆ ಅಡಿಗೆಮನೆಯ ಕೆಲಸವೇಕೆ ಎಂದು ಕೆಲವು ಪಾಲಕರು ನಮ್ಮನ್ನು ಕೇಳುವರು. ಗೋಕಾಕ ಅಮೀನಗಡಗಳಲ್ಲಿ ಕರದಂಟು ಪೇಟೆಯ ವಸ್ತುವಾಗಿ ಎಷ್ಟೋ ಮನೆತನಗಳಿಗೆ ಅನ್ನ ಕೊಟ್ಟಿದೆ. ಅಲ್ಲಿ ಪಾಕ ತಿರುವುವವರಲ್ಲಿ ಗಂಡಸರಿಲ್ಲವೆ? ಇನ್ನೊಂದು ಮಾತು, ಹತ್ತನೆಯ ಇಯತ್ತೆಯ ತರುವಾಯ ಸಾಂಗಲಿ, ಪುಣೆ, ಬೆಳಗಾವಿಗಳಿಗೆ ಓದಲು ಹೋಗಿ ಖೋಲಿ ಹಿಡಿದು ಇರುವ ನಮ್ಮ ಹುಡುಗರು ಮೊದಲ ತಿಂಗಳಲ್ಲಿಯೇ ಈ ಪ್ರಶ್ನೆಗೆ ತಾವೇ ಉತ್ತರ ಕಂಡುಕೊಳ್ಳುವರು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಭಟ್ಟಿಯಲ್ಲಿ ಬೇಯುವ ತಿನಿಸಿಗೆ ಕೈಕೆಲಸ ಮುಗಿದ ಮೇಲೆ ಬೆಂಕಿಯಿದೆ. ಕೈಯಿಂದ ಸೇರಿದ ರೋಗಾಣುಗಳು ಬಹುಮಟ್ಟಿಗೆ ಅದರಲ್ಲಿ ಸಾಯುವವು. ನಮ್ಮ ಬಿಲ್ಲೆಗೆ ಕೈಕೆಲಸವೇ ಕೊನೆಯದು. ಒತ್ತಿ ಕತ್ತರಿಸಿದ ಮೇಲೆ ಅದು ನೇರವಾಗಿ ಮಗುವಿನ ಬಾಯಿಗೆ ಹೋಗುವದು. ಆದ್ದರಿಂದ ಕೈಗಳನ್ನು ಸಾಬೂನಿನಿಂದ ತೊಳೆದು ಒರಸಿಕೊಂಡೇ ಕೂಡ್ರಬೇಕು, ಉಗುರು ಕತ್ತರಿಸಿರಬೇಕು, ತಾಟು ವಾಟಿಗಳು ಒಣಗಿರಬೇಕು. ಹೊಟ್ಟೆಬೇನೆಯಿದ್ದವರು, ಬೆರಳಿಗೆ ಗಾಯವಾದವರು ಅಂದು ಲೆಕ್ಕ ಬರೆಯುವ ಕೆಲಸವನ್ನು ವಹಿಸಿಕೊಳ್ಳಲಿ.

ಕೈಯನ್ನು ತೊಳೆಯಬಹುದು, ಕೆಟ್ಟ ಕೊಬ್ಬರಿಯನ್ನು ತೊಳೆಯಲು ಬರುವದಿಲ್ಲ. ನಮ್ಮ ಮನೆಗಳಲ್ಲಿ ಮಿತವ್ಯಯವು ದೊಡ್ಡ ಗುಣ. ಬಟ್ಟಲಿನ ಒಂದು ಬದಿಗೆ ಹಸಿರೋ ಹಳದಿಯೋ ಕರಿದೋ ಬೂಷ್ಟು ಹಿಡಿದರೆ ಅದನ್ನು ಕೆರೆದು ಉಳಿದದ್ದನ್ನು ಬಳಸುವರು. ಈ ಒಂದು ಕಡೆಗೆ ಆ ಗುಣವನ್ನು ಬಿಡಬೇಕೆಂದು ಪಾಲಕರನ್ನು ಕೈಮುಗಿದು ಕೇಳಿಕೊಳ್ಳುತ್ತೇವೆ. ೧೯೬೦ರಲ್ಲಿ ಇಂಗ್ಲಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕೆಲವೇ ತಿಂಗಳುಗಳಲ್ಲಿ ಸತ್ತವು. ರೋಗವಾವದೆಂದು ಮೊದಲಿಗೆ ಯಾರಿಗೂ ತಿಳಿಯಲಿಲ್ಲ. ಶೋಧಿಸಿದಾಗ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಗೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಹಿಡಿದಿತ್ತೆಂದೂ, ಅದು ವಿಷವೊಂದನ್ನು ಹುಟ್ಟಿಸಿತ್ತೆಂದೂ ಗೊತ್ತಾಯಿತು. ಆ ಬೂಷ್ಟಿನ ಹೆಸರಿನಿಂದಲೇ ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ಯಕೃತ್ತನ್ನು ಕೆಡಿಸುವದು. ದೀರ್ಘಕಾಲ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರಿಗೂ ಕಾರಣವಾಗುವದು. ಚೆನ್ನಾಗಿ ಒಣಗದ ಶೇಂಗಾ, ಗೋವಿನಜೋಳ, ಕೊಬ್ಬರಿ ಇವೆಲ್ಲವುಗಳ ಮೇಲೆ ಆ ಬೂಷ್ಟು ಬೆಳೆಯಬಲ್ಲದು. ಹುರಿದರೂ ಕುದಿಸಿದರೂ ಆ ವಿಷವು ಪೂರ್ತಿಯಾಗಿ ನಾಶವಾಗುವದಿಲ್ಲ, ಮತ್ತು ಮೇಲೆ ಕಾಣುವ ಬೂಷ್ಟನ್ನು ಕೆರೆದರೂ ಒಳಗಿನದು ಹೋಗುವದಿಲ್ಲ. ಬೂಷ್ಟು ಹಿಡಿದ ಬಟ್ಟಲನ್ನು ದನಕ್ಕೂ ಹಾಕದೆ ಎಸೆದುಬಿಡಬೇಕು. ಒಂದು ಬಟ್ಟಲಿನ ಬೆಲೆಯು ಏನೂ ಅಲ್ಲ.

ಬೂಷ್ಟಿಲ್ಲದಿದ್ದರೂ ಕೊಬ್ಬರಿ ಹಳತಾಗಿ ಕಮಟು ನಾರುವದುಂಟು. ಎಣ್ಣೆಯು ಗಾಳಿ ಬೆಳಕುಗಳಿಗೆ ತಗಲಿ ಕೆಟ್ಟದ್ದೇ ಅದರ ಕಾರಣ. ಅಂಗಡಿಯಲ್ಲಿ ಒಂದು ಚೂರನ್ನು ಮುರಿದು ಮೂಸಿ, ಅಗಿದು ನೋಡಿ ಕೊಳ್ಳಬೇಕು. ಒಳ್ಳೆಯ ಕೊಬ್ಬರಿಯು ಬಿಳಿಯಾಗಿದ್ದು ಟಕ್ಕೆಂದು ಮುರಿಯುವದು. ಮಣಿಯುವದು ಇನ್ನೂ ಹಸಿ, ಹಳದಿ ತಿರುಗಿ ಗಂಟಲು ಹಿಡಿಯುವದು ಹಳತು. ಅಂಗಡಿಯವನು ಬೇಸರಪಟ್ಟುಕೊಂಡರೆ ಪಟ್ಟುಕೊಳ್ಳಲಿ.

ಹಸಿಯ ತೆಂಗಿನಕಾಯಿಯಿಂದಲೂ ಬಿಲ್ಲೆ ಆಗಬಾರದೆ ಎಂದರೆ ಆಗುವದು. ನೂಲಹುಣ್ಣಿಮೆಗೆ ನಮ್ಮ ನೆರೆಯ ಮನೆಗಳಲ್ಲಿ ನಾರಳೀ ಪೂರ್ಣಿಮೆಯೆಂದು ತೆಂಗಿನ ಅಡಿಗೆ ಮಾಡುವಾಗ ನಾರಳಾಚಿ ವಡಿಯೂ ಆಗುವದು. ಆದರೆ ಅದರಲ್ಲಿ ನೀರಿನ ಪಾಲು ಹೆಚ್ಚು. ಹಾಲು, ಖವಾ ಕೂಡಿದರಂತೂ ಒಂದೆರಡು ದಿನಗಳ ಮೇಲೆ ಅದನ್ನು ಇಡಕೂಡದು. ಶಾಲೆಯ ಡಬ್ಬಿಗೆ ಅದು ತಕ್ಕದ್ದಲ್ಲ. ಹಬ್ಬದ ದಿನ ಮನೆಯಲ್ಲಿ ಕೂತು ತಿನ್ನತಕ್ಕದ್ದು.

ಒಣ ಕೊಬ್ಬರಿಯ ಬಿಲ್ಲ್ಲೆಗಳು ಬಿಗಿಯಾದ ಮುಚ್ಚಳದ ಒಣ ಡಬ್ಬಿಯಲ್ಲಿ ಎರಡು ವಾರ ಚೆನ್ನಾಗಿರುವವು. ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಿದರೆ ಉಗಿಯು ಮುಚ್ಚಳಕ್ಕೆ ಹತ್ತಿ ನೀರಾಗಿ ಇಳಿಯುವದು. ಋತುವಿನ ಭೇದವನ್ನೂ ನೋಡಬೇಕು. ತೆಂಗಿನ ಎಣ್ಣೆಯು ಸುಮಾರು ೨೪ ಅಂಶ ಸೆಲ್ಸಿಯಸಿನ ಕೆಳಗೆ ಹೆಪ್ಪುಗಟ್ಟುವದು. ಚಳಿಗಾಲದ ಮುಂಜಾನೆ ತಲೆಗೆ ಹಚ್ಚುವ ಎಣ್ಣೆಯ ಶೀಶೆಯಲ್ಲಿ ಇದನ್ನು ಎಲ್ಲರೂ ಕಂಡಿರುವರು. ಕೊಬ್ಬರಿಯ ಎಣ್ಣೆಯೂ ಪಾಕದ ಜೊತೆಗೆ ತಾನೊಂದು ಕಟ್ಟಾಗುವದರಿಂದ ಡಿಸೆಂಬರ, ಜನೆವರಿಗಳಲ್ಲಿ ಬಿಲ್ಲೆಗಳು ಬಲು ಬಿಗಿಯಾಗಿ ನಿಲ್ಲುವವು. ಎಪ್ರಿಲಿನಲ್ಲಿ ಅದೇ ಎಣ್ಣೆ ಕರಗಿ ಬಿಲ್ಲೆಗಳು ಮೆತ್ತಗಾಗಿ ಬೆರಳಿಗೆ ಜಿಡ್ಡು ಹತ್ತುವದು. ಆಗ ಕೊಬ್ಬರಿಯನ್ನು ೫೦ ಗ್ರಾಂ ಕಡಿಮೆ ಮಾಡಿ ಅಷ್ಟೇ ಅವಲಕ್ಕಿಯನ್ನು ಹೆಚ್ಚಿಸಬೇಕು. ಮಳೆಗಾಲದಲ್ಲಿ ತೊಂದರೆಯೇ ಬೇರೆ: ಬೆಲ್ಲವು ಗಾಳಿಯೊಳಗಿನ ತೇವವನ್ನು ಎಳೆದುಕೊಳ್ಳುವದು, ಅವಲಕ್ಕಿ ಮೆತ್ತಗಾಗುವದು. ಆ ದಿನಗಳಲ್ಲಿ ಅರ್ಧ ಪ್ರಮಾಣದಲ್ಲಿ ಮಾಡಿ ನಾಲ್ಕೈದು ದಿನಗಳಲ್ಲಿ ಮುಗಿಸುವದು ಜಾಣತನ.

ಖರ್ಚಿನ ಲೆಕ್ಕವನ್ನು ನಾವು ಇಲ್ಲಿ ಕೊಟ್ಟಿಲ್ಲ. ಅದನ್ನು ವಿದ್ಯಾರ್ಥಿಗಳಿಗಾಗಿಯೇ ಬಿಟ್ಟಿದ್ದೇವೆ. ಅಂಗಡಿಯಲ್ಲಿ ಆ ದಿನದ ಧಾರಣೆಯನ್ನು ಕೇಳಿ, ಮೇಲಿನ ತೂಕಗಳಿಗೆ ಬೆಲೆ ಕಟ್ಟಿ, ಉರುವಲಿನ ವೆಚ್ಚವನ್ನೂ ಅಂದಾಜಿನಿಂದ ಕೂಡಿಸಿ, ೩೦ರಿಂದ ಭಾಗಿಸಿದರೆ ಒಂದು ಬಿಲ್ಲೆಯ ಬೆಲೆ ಬರುವದು. ಪೊಟ್ಟಣದ ಮೇಲೆ ಬರೆದ ತೂಕಕ್ಕೂ ಬೆಲೆಗೂ ಅದನ್ನು ಹೋಲಿಸಿ ನೋಡಲಿ. ಕೊಬ್ಬರಿ ತುಟ್ಟಿಯಾದ ವರುಷ ಬಿಲ್ಲೆಯೇ ತುಟ್ಟಿ ಬಿದ್ದರೂ ಬೀಳಬಹುದು. ಲೆಕ್ಕವು ಬಂದಂತೆ ಬರಲಿ, ಹಾಗೆಯೇ ಬರೆದು ತರಲಿ.

ಕತ್ತರಿಸುವಾಗ ಅಂಚಿನಲ್ಲಿ ಉಳಿದ ಪುಡಿಯನ್ನು ಚೆಲ್ಲಬೇಕಾಗಿಲ್ಲ. ಬಿಸಿ ಚಪಾತಿಯ ಮೇಲೆ ತುಪ್ಪದೊಡನೆ ಉದುರಿಸಿ ಸುರುಳಿ ಸುತ್ತಿಕೊಟ್ಟರೆ ಮರುದಿನದ ಡಬ್ಬಿಯೂ ಆಯಿತು.